ಎರಡು ಮೀನಿಗೆ ಎಷ್ಟು ಸಮುದ್ರ?

ನಮ್ಮ ಪಡಸಾಲೆಯಲ್ಲಿ ಒಂದು ಸಮುದ್ರವಿದೆ. ಸಿಂಧನೂರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಇಲ್ಲಿರುವುದು ಎರೆಭೂಮಿ, ತುಂಗಭದ್ರೆಯ ಎಡದಂಡೆ ಕಾಲುವೆ, ಕಾಲುವೆಯ ಆಚೆ ಈಚೆ ಭತ್ತದ ಗದ್ದೆ, ಊರ ಹೊರಗೆ ರೈಸ್‌ಮಿಲ್ಲು. ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲು. ಉಪ್ಪು ನೀರು ಎಂದರೆ ನಮಗೆ ಗೊತ್ತಿರುವುದು ಕೊಳವೆಬಾವಿಯ ನೀರು ಮಾತ್ರ. ಆದರೂ ಟಿ.ವಿ. ಇರಬೇಕಾದ ಜಾಗದಲ್ಲಿ ನಮ್ಮಲ್ಲಿ ಸಮುದ್ರವಿದೆ. ಅದರಲ್ಲಿ ಎರಡು ಮೀನುಗಳಿವೆ. ಆ ಎರಡು ಮೀನುಗಳಿಗೆ ಎಷ್ಟು ದೊಡ್ಡ ಸಮುದ್ರ ಬೇಕು ಎಂಬ ವಿಚಾರದಲ್ಲಿ ನನಗೂ ನನ್ನ ಮಗನಿಗೂ ಸುಮಾರು ಆರು ತಿಂಗಳು ವಾದ ನಡೆಯಿತು. ಹೊರಗಿನವರಿಗೆ ಅದು ನಗೆಯ ವಿಷಯ. ನನಗೆ ಹಾಗಿರಲಿಲ್ಲ.

ಇದೆಲ್ಲ ಶುರುವಾದದ್ದು 2019ರಲ್ಲಿ ನಾವೆಲ್ಲ ಮುರ್ಡೇಶ್ವರಕ್ಕೆ ಹೋದಾಗ. ನಾವು ದೇವರ ದರ್ಶನ ಮಾಡಿ ದಂಡೆಯ ಮೇಲೆ ಮಂಡಕ್ಕಿ ತಿನ್ನುತ್ತ ಕೂತಿದ್ದರೆ, ಮಗ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರೊಳಗೆ ಇಳಿದು ಬಂದ. ನಮ್ಮ ಕರ್ನಾಟಕದ ಕಡಲಿನಲ್ಲೂ ಹವಳ ಇದೆ ಎಂಬುದು, ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟ ನನಗೆ ಅವತ್ತಿನ ತನಕ ತಿಳಿದಿರಲಿಲ್ಲ. ಅವನು ಸಂಜೆ ಬಂದು ಮಾತೇ ಆಡಲಿಲ್ಲ. ಊಟಕ್ಕೆ ಕೂತಾಗ, "ಅವ್ವಾ, ಕೆಳಗ ಒಂದು ಊರೇ ಅದ" ಅಂದ. ಅಷ್ಟೇ.

ಬೆಂಗಳೂರಿಗೆ ಹೋದವನು ಎರಡು ಅಡಿ ಉದ್ದದ ಗಾಜಿನ ಪೆಟ್ಟಿಗೆ ಕೊಂಡ. ಅಗಲ ಒಂದು ಅಡಿ, ಎತ್ತರ ಒಂದು ಅಡಿ, ಹಿಡಿಯುವ ನೀರು 56 ಲೀಟರ್. 2021ರಲ್ಲಿ ಕೊರೊನಾದ ಎರಡನೆಯ ಅಲೆ ಬಂದು ಆಫೀಸು ಮನೆಗೇ ಬಂದಾಗ, ಅವನು ಬಟ್ಟೆಬರೆ ಹಿಂದಿನ ಸೀಟಿಗೆ ಹಾಕಿ, ಮೀನುಗಳನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಕಟ್ಟಿ, ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಬಾಡಿಗೆ ಕಾರಿನಲ್ಲಿ ಸಿಂಧನೂರಿಗೆ ಬಂದಿಳಿದ. ಮಗ ಬಂದನೆಂಬ ಸಂತೋಷದಲ್ಲಿ ನಾನು ಡಬ್ಬಿಯೊಳಗೆ ಏನಿದೆ ಎಂದೂ ಕೇಳಲಿಲ್ಲ.

ಈ ಸಮುದ್ರದ ಅಡುಗೆ ಬಹಳ ಕಟ್ಟುನಿಟ್ಟಿನದು. ಶುದ್ಧ ಮಾಡಿದ ಒಂದು ಲೀಟರ್ ನೀರಿಗೆ 35 ಗ್ರಾಮಿನಷ್ಟು ವಿಶೇಷ ಉಪ್ಪು. ಅಡುಗೆ ಉಪ್ಪಲ್ಲ, ಸುಣ್ಣದ ಅಂಶ, ಮೆಗ್ನೀಷಿಯಂ ಮೊದಲಾದವೆಲ್ಲ ಕೂಡಿಸಿ ತಯಾರಿಸಿದ್ದು. ನೀರು ದಿನಾ ಆರಿ ಕಡಿಮೆಯಾಗುತ್ತದೆ, ಉಪ್ಪು ಮಾತ್ರ ಆರುವುದಿಲ್ಲ. ಆದ್ದರಿಂದ ಗಾಜಿನ ಮೇಲೆ ಎಳೆದ ಗೆರೆಯ ತನಕ ದಿನವೂ ಸಿಹಿನೀರು ತುಂಬಬೇಕು. ಮರೆತರೆ ಸಾರು ಕುದ್ದು ಕುದ್ದು ಉಪ್ಪಾದಂತೆ ಆಗುತ್ತದೆ. ಮೊದಲ ಸಲ ಮಗ ತಕ್ಕಡಿ ಇಟ್ಟು ಉಪ್ಪು ತೂಗುತ್ತಿದ್ದಾಗ ನನ್ನ ಅತ್ತೆ ಮಂಚದ ಮೇಲಿಂದ ಎದ್ದು ಕೂತು ನೋಡಿದರು. "ಅಲ್ಲ, ನಮ್ಮ ಹೊಲದಾಗಿನ ಸವಳು ತೆಗೀರಿ ಅಂತ ಹತ್ತು ವರ್ಷ ಬಡಕೊಂಡೆ, ಯಾರೂ ತೆಗೀಲಿಲ್ಲ. ಈಗ ಇವ ರೊಕ್ಕ ಕೊಟ್ಟು ನೀರಿಗೆ ಉಪ್ಪು ಹಾಕಾಕತ್ಯಾನ!" ಎಂದರು. ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ನೀರು ನಿಂತು ನಿಂತು, ನೆಲದಡಿಯ ಉಪ್ಪು ಮೇಲೆದ್ದು ಬೆಳ್ಳಗಾದ ಭೂಮಿ ನಮ್ಮ ಸೀಮೆಯಲ್ಲಿ ಎಲ್ಲರ ಕಣ್ಣೆದುರಿಗೂ ಇದೆ. ಅತ್ತೆಯವರ ಮಾತಿಗೆ ಮಗ ನಕ್ಕ. ನಾನೂ ನಕ್ಕೆ, ಆದರೆ ಆ ಮಾತು ನನ್ನಲ್ಲಿ ಉಳಿಯಿತು.

ಎರಡು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು, ಬೇರೆ ಎರಡು ಸಣ್ಣ ಮೀನು, ಕೆಂಪು ಗೆರೆಯ ಒಂದು ಸಿಗಡಿ. ಕಲ್ಲಿನ ಮೇಲೆ ಮೆತ್ತನೆಯ ಹವಳದ ಒಂದು ಗೊಂಚಲು. ಕಲ್ಲೂ ನಿಜವಾದದ್ದಲ್ಲ, ಕಾರ್ಖಾನೆಯಲ್ಲಿ ಮಾಡಿದ್ದು. ರೊಟ್ಟಿ ಬಡಿದು ಕೈ ತೊಳೆದು ಬಂದು ನಾನೂ ಅದರ ಎದುರು ಕೂತುಕೊಳ್ಳುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಧಾರಾವಾಹಿ ನೋಡುವುದು ಬಿಟ್ಟೇ ಹೋಗಿತ್ತು.

2023ರ ಮೇ ತಿಂಗಳಲ್ಲಿ ಮಗ ನಾಲ್ಕು ದಿನ ಬೆಂಗಳೂರಿಗೆ ಹೋಗಿದ್ದ. ಸಂಜೆ ಗಾಳಿ ಎದ್ದು, ಎಲ್ಲೋ ಮರ ತಂತಿಯ ಮೇಲೆ ಬಿದ್ದು, ಕರೆಂಟು ಹೋಯಿತು. ಇನ್ವರ್ಟರ್ ಇತ್ತು, ಆದರೆ ಅದರ ಬ್ಯಾಟರಿ ಹಳತು. ಅತ್ತೆಯವರ ಫ್ಯಾನನ್ನೂ ಮೀನಿನ ಪಂಪನ್ನೂ ಕೂಡಿಯೇ ನಡೆಸಿದೆ. ಹನ್ನೊಂದು ಗಂಟೆಗೆ ಬ್ಯಾಟರಿ ಕೂಗತೊಡಗಿತು. ಒಂದನ್ನು ಆರಿಸಬೇಕಾಯಿತು. 84 ವರ್ಷದ ಜೀವ ಬೆವರಿನಲ್ಲಿ ತೊಯ್ದು ಮಲಗಿತ್ತು. ನಾನು ಪಂಪು ಆರಿಸಿದೆ. ಅದು ತಪ್ಪೆಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ಮಗನಿಗೆ ಫೋನು ಮಾಡಿದೆ. ತಂಬಿಗೆಯಿಂದ ನೀರು ತೆಗೆದು ಎತ್ತರದಿಂದ ಸುರಿಯುತ್ತಿರು, ಗಾಳಿ ಸೇರುತ್ತದೆ ಎಂದ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆಯಂತೆ; ಸಣ್ಣ ಪೆಟ್ಟಿಗೆಯ ನೀರು ಬೇಗ ಬಿಸಿಯಾಗುತ್ತದೆ. ಎರಡು ಗಂಟೆಯ ತನಕ ಕತ್ತಲಲ್ಲಿ ಕೂತು ಸುರಿದೆ. ಆಮೇಲೆ ಕಣ್ಣು ಹತ್ತಿತು. ನಾಲ್ಕಕ್ಕೆ ಎಚ್ಚರವಾಗಿ ಬ್ಯಾಟರಿ ಲೈಟು ಹಿಡಿದಾಗ ಸಿಗಡಿ ಮಗ್ಗುಲಾಗಿ ಬಿದ್ದಿತ್ತು. ಎರಡು ಸಣ್ಣ ಮೀನುಗಳೂ ಹೋಗಿದ್ದವು. ಆ ಎರಡು ಕ್ಲೌನ್ ಮೀನು ಮಾತ್ರ ನೀರಿನ ಮೇಲ್ಭಾಗಕ್ಕೆ ಬಾಯಿ ಹಚ್ಚಿ ಉಸಿರಿಗೆ ಒದ್ದಾಡುತ್ತಿದ್ದವು.

ನಾವು ಮೀನು ಮುಟ್ಟದ ಮನೆಯವರು. ಆ ಬೆಳಿಗ್ಗೆ ಮೂರು ಜೀವಗಳನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂಳಿದ್ದು ನನ್ನ ಕೈ.

ಮಗನಿಗೆ ದೊಡ್ಡ ಪೆಟ್ಟಿಗೆಯ ಯೋಚನೆ ಬಂದದ್ದು ಆ ರಾತ್ರಿಯಿಂದಲೇ. "ಸಣ್ಣ ನೀರು ಲಗೂನ ಕೆಡ್ತದವ್ವಾ. ದೊಡ್ಡ ನೀರು ತಡಕೋತದ" ಎನ್ನುತ್ತಿದ್ದ. ಮಾತು ಸರಿಯೇ. ದೊಡ್ಡ ಪಾತ್ರೆಯ ನೀರು ನಿಧಾನ ಬಿಸಿಯಾಗುತ್ತದೆ, ಮೀನಿನ ಹೊಲಸು ಅದರಲ್ಲಿ ತೆಳುವಾಗುತ್ತದೆ, ಒಂದು ದಿನ ನೀರು ತುಂಬುವುದು ಮರೆತರೂ ಉಪ್ಪು ಅಷ್ಟಾಗಿ ಏರುವುದಿಲ್ಲ. ವರ್ಷಗಟ್ಟಲೆ ಓದಿ, ಲೆಕ್ಕ ಹಾಕಿ, ಕಡೆಗೆ ಕಾಗದದ ಮೇಲೆ ಚಿತ್ರ ಬರೆದು ತಂದ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ನೀರು 450 ಲೀಟರ್. ಕೆಳಗೆ ನೀರು ಸೋಸುವುದಕ್ಕೆ ಇನ್ನೊಂದು ಪೆಟ್ಟಿಗೆ. ಅದರಲ್ಲಿ ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ. ಅಲೆ ಎಬ್ಬಿಸುವ ಪಂಪು ಎರಡು. ನೀಲಿ ದೀಪಗಳ ಸಾಲು. ನೀರನ್ನು 25–26 ಡಿಗ್ರಿಯಲ್ಲಿ ಇಡುವ ಚಿಲ್ಲರ್. ಹೊಸ ಇನ್ವರ್ಟರ್, ಎರಡು ಬ್ಯಾಟರಿ. ನೀರು, ಗಾಜು, ಮರಳು, ಕಲ್ಲು ಎಲ್ಲ ಕೂಡಿ ಆರು ಕ್ವಿಂಟಲ್ ತೂಕ. ಆರು ಚೀಲ ಜೋಳ ಒಂದೇ ಕಡೆ ಒಟ್ಟಿದಂತೆ. ಖರ್ಚು ಎರಡು ಲಕ್ಷದ ಹತ್ತಿರ.

ಆ ಕಾಗದ ನನ್ನ ಕೈಗೆ ಬಂದದ್ದು 2024ರ ಆಗಸ್ಟ್ ತಿಂಗಳ ಎರಡನೆಯ ವಾರ. ತಾರೀಖು ನೆನಪಿರಲು ಕಾರಣವಿದೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋಗಿತ್ತು. ತುಂಬಿದ ಕೆರೆಯಂತಿದ್ದ ಡ್ಯಾಮಿನ ನೀರು ಹರಿದುಹೋಗುತ್ತಿದೆ ಎಂಬ ಸುದ್ದಿಗೆ ಸಿಂಧನೂರಿನಲ್ಲಿ ಒಲೆ ಹೊತ್ತಿಸಲೂ ಮನಸ್ಸಾಗದ ಮನೆಗಳಿದ್ದವು. ನಾಟಿ ಮಾಡಿದವರ ಗತಿ ಏನು, ಬೇಸಿಗೆಗೆ ಕುಡಿಯುವ ನೀರಿನ ಗತಿ ಏನು ಎಂಬುದೇ ಎಲ್ಲರ ಬಾಯಲ್ಲಿ. (ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಿದರು, ಆಮೇಲೆ ಮಳೆಯೂ ಬಂತು, ಡ್ಯಾಮು ಮತ್ತೆ ತುಂಬಿತು. ಆದರೆ ಆ ವಾರ ಯಾರಿಗೆ ಗೊತ್ತಿತ್ತು?) ಅಂಥ ದಿನ ನಾನು ಪೆನ್ಸಿಲ್ ಹಿಡಿದು ಕೂತೆ. ಎರಡೂ ಪೆಟ್ಟಿಗೆ ಕೂಡಿ 500 ಲೀಟರ್ ಶುದ್ಧ ನೀರು ಬೇಕು. ಆರ್.ಓ. ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಮೂರು ಲೀಟರನ್ನಾದರೂ ಹೊರಗೆ ಬಿಡುತ್ತದೆ. ಎಂದರೆ ಒಟ್ಟು 2000 ಲೀಟರ್. ನಮ್ಮ ಕೊಡ ಹದಿನೈದು ಲೀಟರಿನದು. ನೂರಾ ಮೂವತ್ತಕ್ಕೂ ಹೆಚ್ಚು ಕೊಡ! ನೀರು ಹೊತ್ತು ಗೊತ್ತಿರುವ ಹೆಂಗಸು ಲೀಟರಿನಲ್ಲಿ ಯೋಚಿಸುವುದಿಲ್ಲ, ಕೊಡದಲ್ಲಿ ಯೋಚಿಸುತ್ತಾಳೆ.

"ಈ ವಾರ ಈ ಮಾತು ಬ್ಯಾಡ" ಎಂದೆ. ಅವನು ಕಾಗದ ಮಡಚಿಟ್ಟ.

ನಮ್ಮ ಕಡೆ ಹಬ್ಬ ಜಾತ್ರೆಗಳಲ್ಲಿ ದಾಸೋಹ ಮಾಡಿಸುತ್ತೇವೆಂದು ಗಂಡಸರು ಹೇಳಿಕೊಳ್ಳುತ್ತಾರೆ. ಪುಣ್ಯ ಅವರ ಹೆಸರಿಗೆ ಬರೆಯಲ್ಪಡುತ್ತದೆ. ರೊಟ್ಟಿ ಬಡಿಯುವವರು ನಾವು. ಮೀನಿನ ಮೇಲಿನ ಕರುಣೆಯೂ ಹಾಗೆಯೇ ಆಗುತ್ತದಲ್ಲ ಎಂದು ನನಗೆ ಅನ್ನಿಸತೊಡಗಿತು. ಕರುಣೆ ಮಗನದು, ಗೆರೆ ನೋಡಿ ನೀರು ತುಂಬುವುದು, ಗಾಜಿನ ಪಾಚಿ ಒರೆಸುವುದು, ಕರೆಂಟು ಹೋದಾಗ ಎದೆ ಧಸಕ್ಕೆನ್ನುವುದು ನನ್ನದು. ಇವತ್ತಲ್ಲ ನಾಳೆ ಆಫೀಸಿನವರು ಅವನನ್ನು ಬೆಂಗಳೂರಿಗೆ ಕರೆಯುತ್ತಾರೆ. ಆಗ ಸಮುದ್ರ ಯಾರ ಪಾಲಿಗೆ? ಕ್ಲೌನ್ ಮೀನು ಪೆಟ್ಟಿಗೆಯಲ್ಲಿ ಚೆನ್ನಾಗಿ ಸಾಕಿದರೆ ಹತ್ತು ವರ್ಷ ದಾಟಿ ಬದುಕುತ್ತದೆ, ಇಪ್ಪತ್ತು ವರ್ಷ ಬದುಕಿದವೂ ಇವೆ ಎಂದು ಅವನೇ ಹೇಳಿದ್ದ. ನನಗೀಗ 63. ಯಾರು ಯಾರನ್ನು ಕಳಿಸಿಕೊಡುತ್ತೇವೋ!

ಚಿತ್ರದ ಇನ್ನೊಂದು ಮೂಲೆಯಲ್ಲಿ ಅವನು "ಗಟ್ಟಿ ಹವಳ" ಎಂದು ಬರೆದಿದ್ದ. ಹವಳ ಎಂದರೆ ನಮಗೆಲ್ಲ ಗೊತ್ತಿರುವುದು ಮಂಗಳಸೂತ್ರದ ಕೆಂಪು ಮಣಿ, ಇಲ್ಲವೆ ಜ್ಯೋತಿಷಿ ಹೇಳಿದ ಉಂಗುರ. ಅದು ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಸಾವಿರಾರು ಸಣ್ಣ ಸಣ್ಣ ಜೀವಗಳು ಒಂದಕ್ಕೊಂದು ಅಂಟಿಕೊಂಡು, ತಮ್ಮ ಕಾಲ ಕೆಳಗೆ ತಾವೇ ಸುಣ್ಣದ ಮನೆ ಕಟ್ಟುತ್ತ ಹೋಗುತ್ತವೆ. ತಮ್ಮ ಮೈಯೊಳಗೆ ಒಂದು ಬಗೆಯ ಪಾಚಿಗೆ ಇರಲು ಜಾಗ ಕೊಟ್ಟಿರುತ್ತವೆ. ಆ ಪಾಚಿ ಬಿಸಿಲು ಹಿಡಿದು ಮಾಡಿದ ಅಡುಗೆಯಲ್ಲಿ ಮನೆಯೊಡೆಯರಿಗೆ ದೊಡ್ಡ ಪಾಲು ಕೊಡುತ್ತದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ತಂದು ಬಂಡೆ ಕಟ್ಟುವ ಹವಳಗಳನ್ನೆಲ್ಲ ಮೊದಲನೆಯ ಅನುಸೂಚಿಗೆ ಸೇರಿಸಿದರು. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ನಮ್ಮ ಕಡಲಿನಿಂದ ಒಂದು ಚೂರು ಮುರಿದು ತಂದರೂ ಅದು ಅಪರಾಧ. ಹೊರದೇಶದಿಂದ ಬಂದದ್ದಾದರೆ ಅದಕ್ಕೆ ಕಾಗದಪತ್ರ ಇರಬೇಕು. ಅಂಗಡಿಯವನನ್ನು ಕಾಗದ ಕೇಳು ಎಂದೆ. ಕೇಳಿದ. ಅಂಗಡಿಯವನು, "ಎಲ್ಲರೂ ಹಂಗೇ ತಗೋತಾರ್ರೀ" ಎಂದನಂತೆ. ಅಲ್ಲಿಗೆ ಗಟ್ಟಿ ಹವಳದ ಮಾತು ಮುಗಿಯಿತು. ಈ ಒಂದು ವಿಷಯದಲ್ಲಿ ನನಗೂ ಅವನಿಗೂ ಜಗಳ ಆಗಲಿಲ್ಲ ಎಂಬುದನ್ನು ಅಭಿಮಾನದಿಂದ ಹೇಳುತ್ತೇನೆ.

ಕಾನೂನು ದಾಟಿದ ಮೇಲೂ ಧರ್ಮದ ಪ್ರಶ್ನೆ ಉಳಿಯಿತಲ್ಲ. ಅದಕ್ಕೆ ನನ್ನ ತಲೆ ಓಡಿದ್ದು ಮಸ್ಕಿಯ ಕಡೆಗೆ. ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿದ್ದಾಗ ಸಿಂಧನೂರಿನಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ, ಮಸ್ಕಿ ನಡುದಾರಿ. ಬಸ್ಸು ನಿಂತಾಗಲೆಲ್ಲ ಆ ಗುಡ್ಡ ಕಾಣುತ್ತಿತ್ತು. ವರ್ಷಕ್ಕೊಮ್ಮೆ ಹುಡುಗಿಯರನ್ನು ಕರೆದುಕೊಂಡು ಹೋಗಿ ಅಶೋಕನ ಶಾಸನ ತೋರಿಸುತ್ತಿದ್ದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅದನ್ನು ಕಂಡದ್ದು, ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದ್ದು, ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದಕ್ಕೆ ಕಲ್ಲಿನ ಸಾಕ್ಷಿ ಮೊದಲು ಸಿಕ್ಕದ್ದು ನಮ್ಮ ಈ ಊರಿನಲ್ಲಿ ಎಂದೆಲ್ಲ ಹೇಳುತ್ತಿದ್ದೆ. ಧರ್ಮದಲ್ಲಿ ಮುಂದುವರಿಯುವುದು ದೊಡ್ಡವರಿಗಷ್ಟೇ ಸಾಧ್ಯವೆಂದು ತಿಳಿಯಬೇಡಿ, ಸಣ್ಣವರಿಗೂ ಸಾಧ್ಯ ಎಂಬುದು ಆ ಬರಹದ ತಾತ್ಪರ್ಯ. ಹುಡುಗಿಯರಿಗೆ ಅದು ರುಚಿಸುತ್ತಿರಲಿಲ್ಲ; ಅವರಿಗೆ ರುಚಿಸುತ್ತಿದ್ದುದು ಅಶೋಕನ ಅಡುಗೆಮನೆಯ ಲೆಕ್ಕ. ಅದು ಮಸ್ಕಿಯಲ್ಲಿಲ್ಲ, ಗಿರ್ನಾರ್ ಮೊದಲಾದ ಕಡೆಯ ಬಂಡೆಗಳ ಮೇಲಿದೆ. ಮೊದಲು ನನ್ನ ಅಡುಗೆಮನೆಯಲ್ಲಿ ಸಾರಿಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು, ಈಗ ಮೂರೇ: ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಆ ಮೂರೂ ಇಲ್ಲ ಎಂದು ಅವನು ಬರೆಸಿದ್ದಾನೆ. ಚಕ್ರವರ್ತಿಯಾದವನು ತನ್ನ ಒಲೆಯ ಲೆಕ್ಕವನ್ನು ಊರಿಗೆಲ್ಲ ಒಪ್ಪಿಸಿದ ಉದಾಹರಣೆ ಇನ್ನೊಂದು ನನಗೆ ಗೊತ್ತಿಲ್ಲ. "ಜಿಂಕಿ ಉಳೀತು, ನವಿಲು ಯಾಕ ಉಳೀಲಿಲ್ರೀ ಟೀಚರ್?" ಎಂದು ಒಬ್ಬಳು ಕೇಳಿದ್ದಳು.

ದಿಲ್ಲಿಯ ಕಂಬದ ಮೇಲಿನ ಐದನೆಯ ಶಾಸನವನ್ನು ಈ ಸಲ ಮತ್ತೆ ತೆಗೆದು ಓದಿದೆ. ಪಟ್ಟಾಭಿಷೇಕವಾಗಿ 26 ವರ್ಷಕ್ಕೆ ಬರೆಸಿದ್ದು. ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಲ್ಲಿ ಗಿಳಿ, ಗೊರವಂಕ, ಬಾವಲಿ, ಆಮೆ, ಮುಳ್ಳುಹಂದಿ ಇವೆ. ಕೆಲವು ಬಗೆಯ ಮೀನುಗಳೂ ಇವೆ. ಇಂತಿಂಥ ಹುಣ್ಣಿಮೆಗಳ ಸುತ್ತಮುತ್ತ ಮೀನು ಕೊಲ್ಲಬಾರದು, ಮಾರಲೂಬಾರದು ಎಂದಿದೆ. ಸಾಕುವುದರ ಬಗ್ಗೆ ಒಂದು ಮಾತೂ ಇಲ್ಲ. ಆದರೆ ಶಾಸನದ ಕೊನೆಯ ಸಾಲಿಗೆ ಬಂದಾಗ ನಾನು ಕನ್ನಡಕ ತೆಗೆದಿಟ್ಟೆ. ಈ ಅವಧಿಯಲ್ಲಿ 25 ಸಲ ಸೆರೆಯಾಳುಗಳನ್ನು ಬಿಡುಗಡೆ ಮಾಡಿದ್ದೇನೆ ಎಂದು ಅದು ಮುಗಿಯುತ್ತದೆ. ಪ್ರಾಣಿಗಳ ಪಟ್ಟಿಗೂ ಸೆರೆಮನೆಗೂ ಏನು ಸಂಬಂಧವೆಂದು ಮೂವತ್ತು ವರ್ಷದಲ್ಲಿ ನಾನು ಕೇಳಿಕೊಂಡಿರಲೇ ಇಲ್ಲ. ನನ್ನ ಎದುರಿಗೆ ಎರಡು ಮೀನು ಗಾಜಿಗೆ ಮುಖ ಹಚ್ಚಿ ನನ್ನನ್ನೇ ನೋಡುತ್ತಿದ್ದವು. ಹೊಟ್ಟೆ ಹಸಿದಿರಬೇಕು ಅಷ್ಟೇ, ನನಗೆ ಬೇರೆ ಏನೋ ಕಂಡಿತು.

"ಇವನ್ನ ಒಯ್ದು ಸಮುದ್ರಕ್ಕ ಬಿಟ್ಟು ಬಂದುಬಿಡು" ಎಂದೆ ಮಗನಿಗೆ.

ಅವನು ಸಿಟ್ಟಾಗಲಿಲ್ಲ. "ಇವು ಸಮುದ್ರ ನೋಡೇ ಇಲ್ಲವ್ವಾ. ತೊಟ್ಟ್ಯಾಗ ಹುಟ್ಟಿದವು" ಎಂದ. ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ವಿಳಿಂಜಂ, ಮಂಡಪಂ ಕಡೆ ಬೆಳೆಸಿದ್ದಾರೆ. ಹಾಗೆ ಹುಟ್ಟಿದ ಮೀನಿಗೆ ಯಾರಿಂದ ಓಡಬೇಕು, ಎಲ್ಲಿ ಅಡಗಬೇಕು ತಿಳಿಯದು. ಬಿಟ್ಟರೆ ಸಾಯುತ್ತವೆ, ಜೊತೆಗೆ ಪೆಟ್ಟಿಗೆಯ ರೋಗವನ್ನೂ ಕಡಲಿಗೆ ಕೊಂಡೊಯ್ಯಬಹುದು. ಅಶೋಕನ ಸೆರೆಯಾಳುಗಳಿಗೆ ಹೋಗಲು ಒಂದು ಮನೆಯಾದರೂ ಇತ್ತು. ಇವಕ್ಕೆ ಇರುವುದು ನಮ್ಮ ಪಡಸಾಲೆ.

ನಮ್ಮ ಮನೆಗೆ ಬಟ್ಟೆ ಹೊಲಿದುಕೊಡುವವರು ಆರ್.ಎಚ್. ಕ್ಯಾಂಪಿನ ಬಂಗಾಲಿ ಹೆಂಗಸು. ಪೂರ್ವ ಬಂಗಾಲದಿಂದ ನಿರಾಶ್ರಿತರಾಗಿ ಬಂದವರಿಗೆ ಸಿಂಧನೂರಿನ ಹತ್ತಿರ ನೆಲೆ ಕೊಟ್ಟರಲ್ಲ, ಆ ಮನೆತನದವರು. ಕನ್ನಡ ನಮ್ಮಂತೆಯೇ ಮಾತಾಡುತ್ತಾರೆ. ಮೀನು ಅವರಿಗೆ ಅನ್ನದಷ್ಟೇ ಸಹಜ. ಅವರ ಎದುರು ನಾನು ನನ್ನ ಧರ್ಮಸಂಕಟ ತೋಡಿಕೊಂಡೆ, ಸ್ವಲ್ಪ ಬಿಗುಮಾನದಿಂದಲೇ ಅನ್ನಿ. ಅವರು ದಾರ ಕಡಿಯುತ್ತ ಹೇಳಿದರು: "ಅಕ್ಕಾರ, ನೀವು ಮೀನು ತಿನ್ನಂಗಿಲ್ಲ, ಖರೆ. ಆದ್ರ ಹೌರಾದ ಕಡೆ ನಮ್ಮ ಚಿಕ್ಕಮ್ಮನ ಮನಿಯವರು ಬಣ್ಣದ ಮೀನು ಬೆಳೆಸಿ ಮಾರೇ ಮೂರು ಮಕ್ಕಳನ್ನ ಓದಿಸ್ಯಾರ. ಯಾರಾರ ಸಾಕಿದ್ರೇ ಅವರ ಒಲಿ ಹೊತ್ತೋದು." ಲಕ್ಷದ್ವೀಪದ ಅಗತ್ತಿಯಲ್ಲಿಯೂ ಹೆಂಗಸರು ಬಣ್ಣದ ಸಿಗಡಿಗಳನ್ನು ಸಾಕಿ ಬೆಳೆಸುವುದನ್ನು ಸರಕಾರಿ ಸಂಸ್ಥೆಯೊಂದರಿಂದ ಕಲಿತಿದ್ದಾರೆಂದು ಮಗ ಆಮೇಲೆ ಹೇಳಿದ. ಸಾಕುವುದೇ ಪಾಪ ಎಂದು ಒಂದೇ ಏಟಿಗೆ ತೀರ್ಪು ಕೊಟ್ಟುಬಿಡುವ ಸುಖ ನನಗೆ ಹೀಗೆ ತಪ್ಪಿತು.

ಕೊನೆಗೆ ನನಗೆ ಗೊತ್ತಿರುವ ಕೆಲಸವನ್ನೇ ಮಾಡಿದೆ. ಒಂದು ನೋಟ್‌ಬುಕ್ಕು ತೆಗೆದುಕೊಂಡು ಎಂಟು ದಿನ, ಗಂಟೆಗೊಮ್ಮೆ, ಆ ಎರಡು ಮೀನು ಪೆಟ್ಟಿಗೆಯ ಯಾವ ಕಡೆ ಇವೆ ಎಂದು ಬರೆದಿಟ್ಟೆ. ಎಡ ಮೂಲೆ, ಮೆತ್ತನೆಯ ಹವಳದ ಮೇಲೆ. ಎಡ ಮೂಲೆ. ಎಡ ಮೂಲೆ. ಕಾಳು ಹಾಕಿದಾಗ ಮಾತ್ರ ನಡುವಿಗೆ ಬಂದು, ತಿಂದು, ಮತ್ತೆ ಎಡ ಮೂಲೆ. ಎರಡು ಅಡಿಯ ಪೆಟ್ಟಿಗೆಯಲ್ಲಿ ಮುಕ್ಕಾಲು ಪಾಲು ಅವಕ್ಕೆ ಬೇಕಾಗೇ ಇರಲಿಲ್ಲ. ಪುಸ್ತಕ ಮಗನ ಮುಂದಿಟ್ಟೆ. ನೋಡಿ ನಕ್ಕ. ಸಮುದ್ರದಲ್ಲೂ ಅವು ತಮ್ಮ ಕಡಲಹೂವನ್ನು ಬಿಟ್ಟು ನಾಲ್ಕಾರು ಮೀಟರ್ ಆಚೆ ಹೋಗುವುದಿಲ್ಲವಂತೆ.

"ಹಂಗಾದ್ರ ನಾಲ್ಕು ಅಡೀದು ಯಾರಿಗಪ್ಪಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ನೀಲಿ ಮೀನು ತರಬೇಕಂತ ಇತ್ತು" ಎಂದ.

ಆ ನೀಲಿ ಮೀನು ಮಕ್ಕಳ ಸಿನಿಮಾದಲ್ಲಿ ಬರುತ್ತದಲ್ಲ, ಅದು. ಬೆಳೆದರೆ ಒಂದು ಅಡಿ. ದಿನವಿಡೀ ಈಜುತ್ತಲೇ ಇರುವ ಜಾತಿ. ಅದಕ್ಕೆ ನಾಲ್ಕು ಅಡಿಯೂ ಸಾಲದು. ಅಂಗಡಿಗೆ ಬರುವ ನೀಲಿ ಮೀನುಗಳಲ್ಲಿ ಬಹುಪಾಲು ಕಡಲಿನಿಂದ ಹಿಡಿದು ತಂದವು. ಇರುವ ಮೀನಿಗಾಗಿ ದೊಡ್ಡ ಮನೆ, ದೊಡ್ಡ ಮನೆ ಖಾಲಿ ಕಾಣುತ್ತದೆಂದು ಇನ್ನೊಂದು ಮೀನು, ಆ ಮೀನಿಗೆ ಇಕ್ಕಟ್ಟಾಗುತ್ತದೆಂದು ಇನ್ನೂ ದೊಡ್ಡ ಮನೆ! ನನಗೆ ನಮ್ಮ ಫ್ರಿಜ್ಜು ನೆನಪಾಯಿತು. ಹಾಲು, ಕಾಯಿಪಲ್ಯ ಕೆಡುತ್ತವೆಂದು ಸಣ್ಣದನ್ನು ಕೊಟ್ಟು ದೊಡ್ಡದು ತಂದೆವು. ಈಗ ಅದರಲ್ಲಿ ಕೆಡುವ ಪದಾರ್ಥ ಮೊದಲಿನ ಎರಡರಷ್ಟು. ಸೀರೆ ಹಿಡಿಸಲಿಲ್ಲವೆಂದು ಕೊಂಡ ಎರಡನೆಯ ಕಪಾಟಿನ ಕಥೆ ನಾನು ಹೇಳುವುದಿಲ್ಲ, ನಿಮ್ಮ ಮನೆಯಲ್ಲೂ ಇರುತ್ತದೆ.

ಮಗನ ಕಡೆ ಉತ್ತರ ಇರಲಿಲ್ಲವೆಂದಲ್ಲ. "ಆ ರಾತ್ರಿ ಮರೆತೀ ಏನವ್ವಾ?" ಎಂದ. ಮರೆಯುವುದುಂಟೆ? ಆಮೇಲೆ ಇನ್ನೊಂದು ಮಾತು ಹೇಳಿದ. ಸಮುದ್ರವೇ ಈಗ ಕಾಯುತ್ತಿದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳಗಳು ಬೆಳ್ಳಗಾದವು. 2024ರ ಬೇಸಿಗೆಯಲ್ಲಿ ಮತ್ತೆ. ನೀರು ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಅಡುಗೆಯವಳು ಹೋದ ಮೇಲೆ ಮನೆ ಉಪವಾಸ. "ಅಲ್ಲಿಗಿಂತ ನಮ್ಮ ಮನ್ಯಾಗೇ ನೀರು ತಣ್ಣಗಿರ್ತದ" ಎಂದ. ನಾನು ಚಿಲ್ಲರನ್ನು ತೋರಿಸಿದೆ. ನೀರಿನ ಬಿಸಿಯನ್ನು ತೆಗೆದು ಅದು ಎಲ್ಲಿಗೆ ಬಿಡುತ್ತದೆ? ಪಡಸಾಲೆಗೆ, ಅಲ್ಲೇ ನಮ್ಮ ಅತ್ತೆಯವರ ಮಂಚ. ಅದಕ್ಕೆ ಕರೆಂಟು ಎಲ್ಲಿಂದ? ನಮ್ಮದೇ ಜಿಲ್ಲೆಯ ಶಕ್ತಿನಗರದಲ್ಲಿ ಸುಡುವ ಕಲ್ಲಿದ್ದಲಿನಿಂದ. ಕಡಲು ಕಾಯುತ್ತಿರುವುದು ಯಾಕೆ? ಅವನೂ ಓದಿದವನು, ನಾನು ಮುಂದೆ ಹೇಳಬೇಕಾಗಲಿಲ್ಲ.

ಆದರೂ ಆ ರಾತ್ರಿಯ ಮಾತು ಆಗೇ ಇತ್ತು. ಎಷ್ಟೋ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದಿಷ್ಟು: ಈ ಎರಡು ಮೀನು ನಮ್ಮ ಮನೆಗೆ ಬಂದಾಗಿದೆ, ನಮ್ಮನ್ನು ಬಿಟ್ಟು ಅವಕ್ಕೆ ಗತಿಯಿಲ್ಲ, ಇವಕ್ಕೆ ನಾವು ಸಾಲಗಾರರು. ಬೇಸಿಗೆಯ ಒಂದು ರಾತ್ರಿ ಕರೆಂಟು ಹೋದರೆ ಸಾಯದಷ್ಟು ನೀರು ಇವಕ್ಕೆ ಸಲ್ಲಬೇಕು. ನೀಲಿ ಮೀನು ಇನ್ನೂ ಬಂದಿಲ್ಲ. ಅದು ಎಲ್ಲಿದೆಯೋ ಅಲ್ಲಿ ಬಿಟ್ಟುಬಿಡುವುದರ ಹೊರತು ಅದಕ್ಕೆ ನಾವು ಕೊಡಬೇಕಾದದ್ದು ಏನೂ ಇಲ್ಲ. ಎರಡು ಲೆಕ್ಕವನ್ನೂ ಒಂದೇ ಪುಟದಲ್ಲಿ ಬರೆದದ್ದೇ ನಮ್ಮ ಆರು ತಿಂಗಳ ಜಗಳಕ್ಕೆ ಕಾರಣ. ನಾಲ್ಕು ಅಡಿಯಿಂದ ಮೂರಡಿಗೆ ಇಳಿ, ಹೊಸ ಮೀನು ಇಲ್ಲ, ನೀರು ಕಾಲುವೆ ತುಂಬಿ ಹರಿಯುವಾಗ ಮಾತ್ರ ಎಂದೆ. ಅವನು ಇನ್ವರ್ಟರ್ ವಿಷಯದಲ್ಲಿ ಕಡಿಮೆ ಮಾಡುವುದಿಲ್ಲ ಎಂದ. ಒಪ್ಪಿದೆ.

ಪೆಟ್ಟಿಗೆ ಬದಲಾಯಿಸುವುದು ಒಂದು ದಿನದ ಕೆಲಸ ಎಂದುಕೊಂಡಿದ್ದೆ. ಆರು ವಾರ ಹಿಡಿಯಿತು. ಹೊಸ ನೀರಿಗೆ ಮೀನು ಬಿಟ್ಟರೆ ಅವುಗಳ ಹೊಲಸಿನ ಅಮೋನಿಯಾವೇ ಅವನ್ನು ಕೊಲ್ಲುತ್ತದೆ. ಅದನ್ನು ತಿಂದು ಬೇರೆ ರೂಪಕ್ಕೆ ತರುವ ಸೂಕ್ಷ್ಮಜೀವಿಗಳು ಮೊದಲು ಬೆಳೆಯಬೇಕು. ಹಳೆಯ ಪೆಟ್ಟಿಗೆಯ ಒಂದು ಕಲ್ಲನ್ನು ಹೊಸದರಲ್ಲಿಟ್ಟು, "ಇದು ಹೆಪ್ಪು ಇದ್ದಂಗವ್ವಾ" ಎಂದ ಮಗ. ಅದೊಂದೇ ಮಾತಿನಿಂದ ಆ ವಿದ್ಯೆಯೆಲ್ಲ ನನಗೆ ತಿಳಿದುಹೋಯಿತು. ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲುಗಾಡಿಸಬಾರದು ಎಂದು ಅವನಿಗೆ ನಾನು ಹೇಳಿಕೊಡಬೇಕೆ? ಅವನೇ ವಾರಕ್ಕೆರಡು ಸಲ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಬಣ್ಣ ನೋಡುತ್ತಿದ್ದ. ಆರ್.ಓ. ಹೊರಬಿಟ್ಟ ನೀರನ್ನು ನಾನು ಡ್ರಮ್ಮುಗಳಲ್ಲಿ ಹಿಡಿದಿಟ್ಟು, ತಿಂಗಳು ಪೂರ್ತಿ ಪಾತ್ರೆ, ಅಂಗಳ, ಬಚ್ಚಲು ಎಲ್ಲ ಅದರಲ್ಲೇ ತೊಳೆದೆ. ಹನಿ ಬಿಡಲಿಲ್ಲ.

ಮೀನುಗಳನ್ನು ಬಿಟ್ಟ ದಿನ ಅತ್ತೆಯವರೂ ಎದ್ದು ಬಂದರು. ಎರಡೂ ಮೂರಡಿಯ ಉದ್ದಕ್ಕೆ ಒಮ್ಮೆ ಹೋಗಿ ಬಂದವು. ಆಮೇಲೆ ಎಡ ಮೂಲೆಗೆ ಹೋಗಿ, ಹಳೆಯ ಹವಳದ ಮೇಲೆ ನಿಂತವು. ಇವತ್ತಿಗೂ ಅಲ್ಲೇ ಇವೆ.

ಮಗ ಈಗ ಬೆಂಗಳೂರಿನಲ್ಲಿದ್ದಾನೆ. ಭಾನುವಾರ ಫೋನು ಮಾಡಿದಾಗ ಮೊದಲು ಉಪ್ಪು ಎಷ್ಟಿದೆ ಎಂದು ಕೇಳುತ್ತಾನೆ, ಆಮೇಲೆ ನನ್ನ ಮೊಣಕಾಲು ಹೇಗಿದೆ ಎಂದು. ನಾನು ಅಳೆದು ಹೇಳುತ್ತೇನೆ. ಮನೆಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಇಷ್ಟು ದೊಡ್ಡ ಪೆಟ್ಟಿಗೀಗೆ ಎರಡೇ ಮೀನಾ?" ಮೊನ್ನೆ ಲಿಂಗಸುಗೂರಿನಿಂದ ಬಂದ ನನ್ನ ತಮ್ಮನ ಮೊಮ್ಮಗಳು ಗಾಜಿನ ಈ ತುದಿಯಿಂದ ಆ ತುದಿಗೆ ಬೆರಳಾಡಿಸುತ್ತ ಹೋಗಿ, ಮೂರನೆಯ ಮೀನು ಎಲ್ಲಿ ಅಡಗಿದೆ ಎಂದು ಅರ್ಧ ಗಂಟೆ ಹುಡುಕಿದಳು. ಇಲ್ಲವೆಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ದೀಪಾವಳಿಗೆ ಮಗ ಬರುತ್ತಾನೆ. ನೀಲಿ ಮೀನಿನ ಮಾತು ಅವನೂ ಎತ್ತಿಲ್ಲ, ನಾನೂ ಕೇಳಿಲ್ಲ.